ರೈಡರ್‌ಗೆ ಬೆಲೆ ಕಟ್ಟುವ ಮುನ್ನ ಬೆಂಚ್ ನೋಡಿ

2022ರ ಅಕ್ಟೋಬರ್ 8, ಶನಿವಾರ ಸಂಜೆ. ಪುಣೆಯ ವಾಕಡ್‌ನಲ್ಲಿರುವ ನಮ್ಮ ಫ್ಲ್ಯಾಟ್‌ನಲ್ಲಿ ಟಿವಿ ಮುಂದೆ ಎಂಟು ಜನ ಒತ್ತೊತ್ತಾಗಿ ಕುಳಿತಿದ್ದೆವು. ಪ್ರೊ ಕಬಡ್ಡಿಯ ಒಂಬತ್ತನೇ ಸೀಸನ್ ಹಿಂದಿನ ದಿನವಷ್ಟೇ ಶುರುವಾಗಿತ್ತು. ಪಂದ್ಯ ನಡೆಯುತ್ತಿದ್ದದ್ದು ನಮ್ಮ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ, ತಮಿಳ್ ತಲೈವಾಸ್ ಮತ್ತು ಗುಜರಾತ್ ಜೈಂಟ್ಸ್ ನಡುವೆ. ಬೆಂಗಳೂರು ಬುಲ್ಸ್ ಬಿಟ್ಟು ತಲೈವಾಸ್ ಸೇರಿದ್ದ ಪವನ್ ಸೆಹ್ರಾವತ್‌ಗೆ ಆ ವರ್ಷದ ಹರಾಜಿನಲ್ಲಿ 2.26 ಕೋಟಿ ರೂಪಾಯಿ ಸಿಕ್ಕಿತ್ತು. ಅಲ್ಲಿಯವರೆಗೆ ಲೀಗ್‌ನಲ್ಲಿ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ. ನಮ್ಮ ಗೆಳೆಯರ ಡ್ರಾಫ್ಟ್‌ನಲ್ಲಿ ಅವನನ್ನು ಕೊಂಡವನು ನಾನು. ಕೈಯಲ್ಲಿದ್ದ ನೂರು ಟೋಕನ್‌ಗಳಲ್ಲಿ ನಲವತ್ತಾರನ್ನು ಅವನೊಬ್ಬನ ಮೇಲೇ ಸುರಿದಿದ್ದೆ.

ಪಂದ್ಯ ಕಾವೇರುವ ಮೊದಲೇ ಪವನ್ ಅಂಕಣದಲ್ಲಿ ಬಿದ್ದ. ರೈಡ್ ಮಾಡುವಾಗಲೂ ಅಲ್ಲ, ಎದುರಾಳಿಯನ್ನು ಹಿಡಿಯಲು ಹೋಗಿ. ಮೊಣಕಾಲು. ಸ್ಟ್ರೆಚರ್ ಬಂತು. ಆ ಸೀಸನ್‌ನಲ್ಲಿ ಅವನು ಮತ್ತೆ ಆಡಲಿಲ್ಲ. ರೂಮಿನಲ್ಲಿ ಒಂದು ಕ್ಷಣ ಮೌನ, ಆಮೇಲೆ ಏಳು ಜನ ಒಟ್ಟಿಗೆ ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ, ಆ ಹುಡುಗನ ಕಾಲಿಗೇನಾಯಿತು ಎಂಬುದಕ್ಕಿಂತ ಮೊದಲು ನನ್ನ ನಲವತ್ತಾರು ಟೋಕನ್ ಹೋಯಿತಲ್ಲ ಎಂಬುದೇ ನನ್ನ ತಲೆಗೆ ಬಂದದ್ದು.

ನಮ್ಮ ಆಟದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಜೊತೆಗೆ ಕೆಲಸ ಮಾಡುವ, ಮಾಡುತ್ತಿದ್ದ ಎಂಟು ಜನ. ಕನ್ನಡಿಗರು ಇಬ್ಬರು, ಮರಾಠಿಗರು ನಾಲ್ವರು, ಹರಿಯಾಣದವನೊಬ್ಬ, ಮದುರೆಯವನೊಬ್ಬ. ಸೀಸನ್ ಶುರುವಾಗುವ ಮೊದಲು ಒಂದು ಭಾನುವಾರ ಕುಳಿತು ಆಟಗಾರರನ್ನು ಟೋಕನ್‌ನಲ್ಲಿ ಹರಾಜು ಹಾಕುತ್ತೇವೆ. ಒಬ್ಬ ಆಟಗಾರ ಒಬ್ಬನಿಗೆ ಮಾತ್ರ. ಆಮೇಲೆ ಇಡೀ ಸೀಸನ್ ಅವರು ನಿಜವಾದ ಪಂದ್ಯಗಳಲ್ಲಿ ಗಳಿಸುವ ಪಾಯಿಂಟ್‌ಗಳನ್ನು ನಮ್ಮ ಖಾತೆಗೆ ಬರೆದುಕೊಳ್ಳುತ್ತ ಹೋಗುವುದು. ದುಡ್ಡಿಲ್ಲ. ಕೊನೆಯ ಸ್ಥಾನಕ್ಕೆ ಬಂದವನು ಮುಂದಿನ ವರ್ಷದ ಎಕ್ಸೆಲ್ ಶೀಟ್ ನಿಭಾಯಿಸಬೇಕು, ಅದೇ ಶಿಕ್ಷೆ. ಆ ಶೀಟ್ ಅಂದಿನಿಂದ ಬಹುತೇಕ ನನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ ಎಂದರೆ ನನ್ನ ಸಾಧನೆ ನಿಮಗೆ ಅರ್ಥವಾದೀತು.

ಹಾಗಾಗಿ ಈ ಅಂಕಣದಲ್ಲಿ ರೈಡರ್‌ನನ್ನು ಅಳೆಯುವುದು ಹೇಗೆಂದು ಹೇಳಹೊರಟಿರುವವನು ಗೆದ್ದವನಲ್ಲ. ಸೋತು ಸೋತು ಕಲಿತವನು. ಕಲಿತದ್ದರಲ್ಲಿ ಹೆಚ್ಚಿನದು ಗೋಕಾಕ ಕಡೆಯ ನಮ್ಮ ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ನನ್ನ ಸೋದರಮಾವನಿಂದ.

ಮಾಮಾ ಒಂದು ಕಾಲದಲ್ಲಿ ಸುತ್ತಲಿನ ಹತ್ತು ಹಳ್ಳಿಗೆ ಗೊತ್ತಿದ್ದ ರೈಡರ್. ಜಾತ್ರೆ ಬಂತೆಂದರೆ ಟ್ಯೂಬ್‌ಲೈಟ್ ಕಟ್ಟಿ ರಾತ್ರಿಯಿಡೀ ಪಂದ್ಯ, ಬೆಳಗಿನ ಜಾವ ಫೈನಲ್. ನಾನು ಪವನ್ ಕಥೆಯನ್ನು ಫೋನಿನಲ್ಲಿ ಹೇಳಿಕೊಂಡು ಗೋಳಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಅಂವನ್ನ ಯಾಕ ತಗೊಂಡಿ?”

“ಮೂರು ಸೀಸನ್ ಸಾಲಾಗಿ ಅಂವನ ಪಾಯಿಂಟ್ ನೋಡ್ರಿ ಮಾಮಾ. 271, 346, 304.”

“ಪಾಯಿಂಟ್ ಎಲ್ಲಾರೂ ನೋಡ್ತಾರಲೇ. ಅಂವಾ ಬೆಂಚ್ ಮ್ಯಾಲ ಎಷ್ಟ್ ಹೊತ್ತ ಕುಂತಿದ್ದ, ಅದನ್ನ ನೋಡಿಯೇನು?”

ಆಗ ನನಗೆ ಅರ್ಥವಾಗಲಿಲ್ಲ. ಈಗ ನನ್ನ ಮಟ್ಟಿಗೆ ರೈಡರ್‌ನ ಮೌಲ್ಯಮಾಪನದ ಅರ್ಧ ಶಾಸ್ತ್ರ ಆ ಪ್ರಶ್ನೆಯಲ್ಲೇ ಇದೆ.

ಕಬಡ್ಡಿಯಲ್ಲಿ ರೈಡರ್ ಔಟಾದರೆ ಹೊರಗೆ ಕೂರಬೇಕು. ತಾನೇ ಎದ್ದು ಬರುವಂತಿಲ್ಲ. ಅವನ ತಂಡದವರು ಎದುರಾಳಿಯನ್ನು ಮುಟ್ಟಿ ಬಂದರೆ ಅಥವಾ ಹಿಡಿದು ಕೆಡವಿದರೆ ಮಾತ್ರ ಒಬ್ಬೊಬ್ಬರಾಗಿ, ಔಟಾದ ಸರದಿಯಲ್ಲೇ, ಮರಳಿ ಬರುತ್ತಾರೆ. ನಮ್ಮ ಹಳ್ಳಿಯ ಭಾಷೆಯಲ್ಲಿ ಔಟಾದವನು ‘ಸತ್ತ’, ಮರಳಿದವನು ‘ಎದ್ದ’. ಪಂದ್ಯ ನಲವತ್ತು ನಿಮಿಷ, ಒಂದು ರೈಡ್‌ಗೆ ಹೆಚ್ಚೆಂದರೆ ಮೂವತ್ತು ಸೆಕೆಂಡ್. ಲೆಕ್ಕ ಹಾಕಿದರೆ ಎರಡೂ ತಂಡ ಸೇರಿ ಎಂಬತ್ತು, ಅದಕ್ಕಿಂತ ತುಸು ಹೆಚ್ಚು ರೈಡ್. ಒಂದು ತಂಡದ ಪಾಲಿಗೆ ನಲವತ್ತರ ಆಸುಪಾಸು. ಆ ನಲವತ್ತರಲ್ಲಿ ನಿಮ್ಮ ರೈಡರ್‌ಗೆ ಎಷ್ಟು ಸಿಗುತ್ತವೆ ಎಂಬುದೇ ಮೊದಲ ಪ್ರಶ್ನೆ. ಅವನು ‘ಸತ್ತು’ ಕುಳಿತಿದ್ದರೆ ಸೊನ್ನೆ. ಅವನನ್ನು ಬೇಗ ಎಬ್ಬಿಸುವ ಡಿಫೆಂಡರ್‌ಗಳಿದ್ದರೆ, ಜೊತೆಗೆ ಎರಡನೇ ರೈಡರ್ ಒಬ್ಬ ಗಟ್ಟಿಗನಿದ್ದರೆ, ಹದಿನೈದೋ ಇಪ್ಪತ್ತೋ. ಅಂದರೆ ನಾವು ರೈಡರ್‌ನ ಹೆಸರಿನ ಮುಂದೆ ಬರೆಯುವ ಪಾಯಿಂಟ್‌ಗಳಲ್ಲಿ ಒಂದು ದೊಡ್ಡ ಪಾಲು, ಅವನನ್ನು ಬೆಂಚ್‌ನಿಂದ ಎಬ್ಬಿಸಿ ತಂದವರದ್ದು.

11ನೇ ಸೀಸನ್‌ನಲ್ಲಿ ಪಟ್ನಾ ಪೈರೇಟ್ಸ್‌ನ ದೇವಾಂಕ್ ದಲಾಲ್ 301 ರೈಡ್ ಪಾಯಿಂಟ್ ಗಳಿಸಿ ಪಟ್ಟಿಯ ಮೊದಲಿಗನಾದ. ಎಲ್ಲರೂ ಅವನ ಎತ್ತರ, ಅವನ ಓಟದ ಬಗ್ಗೆ ಮಾತಾಡಿದರು. ಅವನು ಕುಳಿತಾಗಲೆಲ್ಲ ಎದುರಾಳಿ ಅಂಗಳಕ್ಕೆ ಹೋಗುತ್ತಿದ್ದ ಅಯಾನ್ ಲೋಚಬ್ ಬಗ್ಗೆ ಅಷ್ಟು ಮಾತಾಡಲಿಲ್ಲ. ಒಬ್ಬ ಕೂತರೆ ಇನ್ನೊಬ್ಬ ಎಬ್ಬಿಸುತ್ತಿದ್ದ. ಇಂಥ ಜೋಡಿ ಕಂಡರೆ ಇಬ್ಬರಲ್ಲಿ ಅಗ್ಗವಾದವನನ್ನು ಕೊಳ್ಳಿ ಎನ್ನುತ್ತೇನೆ ನಾನು.

ಎರಡನೆಯದು ಬೋನಸ್. ಎದುರಾಳಿ ಅಂಗಳದಲ್ಲಿ ಆರು ಅಥವಾ ಏಳು ಜನ ಇದ್ದಾಗ ಬೋನಸ್ ಗೆರೆ ದಾಟಿ ಕಾಲಿಟ್ಟು ಬಂದರೆ ಒಂದು ಪಾಯಿಂಟ್. ನಮ್ಮ ಶೀಟ್‌ನಲ್ಲೂ ಅದು ಒಂದೇ, ಮುಟ್ಟಿ ಬಂದದ್ದೂ ಒಂದೇ. ಆದರೆ ಬೋನಸ್‌ನಿಂದ ತನ್ನ ತಂಡದವರು ಯಾರೂ ಮರಳಿ ಬರುವುದಿಲ್ಲ. “ಬೋನಸ್ ತಗೊಂಡ ಬಂದ್ರ ಸತ್ತಾವ್ರು ಏಳೂದಿಲ್ಲ” ಎಂದು ಮಾಮಾ ಮೂಗು ಮುರಿಯುವುದು ಇದಕ್ಕೇ. ಇಲ್ಲಿ ಒಂದು ವಿಚಿತ್ರವಿದೆ. ಹಿಂದೆ ಬಿದ್ದ ತಂಡದ ರೈಡರ್‌ಗೆ ಬೋನಸ್ ಅವಕಾಶ ಹೆಚ್ಚು, ಏಕೆಂದರೆ ಎದುರು ಅಂಗಳ ಸದಾ ತುಂಬಿರುತ್ತದೆ. 10ನೇ ಸೀಸನ್‌ನಲ್ಲಿ ತೆಲುಗು ಟೈಟನ್ಸ್ ಇದೇ ಪವನ್‌ನನ್ನು 2.605 ಕೋಟಿಗೆ ಕೊಂಡಿತು. ಮೊಣಕಾಲಿನ ಗಾಯದಿಂದ ಎದ್ದು ಬಂದ ಹುಡುಗ ಇನ್ನೂರಕ್ಕೂ ಹೆಚ್ಚು ರೈಡ್ ಪಾಯಿಂಟ್ ಗಳಿಸಿದ. ತಂಡ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಡ್ರಾಫ್ಟ್‌ನಲ್ಲಿ ಅವನನ್ನು ಕೊಂಡವನಿಗೆ ಲಾಭ, ಟೈಟನ್ಸ್‌ಗೆ ಕೊನೆಯ ಸ್ಥಾನ. ಹಾಗಾಗಿ ಕಬಡ್ಡಿಯನ್ನು ಕಂಡು ಖುಷಿಪಡುವ ಕಣ್ಣು ಬೇರೆ, ಡ್ರಾಫ್ಟ್‌ಗೆ ಆಯ್ದುಕೊಳ್ಳುವ ಕಣ್ಣು ಬೇರೆ. ಎರಡನ್ನೂ ಬೆರೆಸಿದವರು ನನ್ನ ಹಾಗೆ ಶೀಟ್ ನಿಭಾಯಿಸುತ್ತಾರೆ.

ಮೂರನೆಯದು, ಕಳೆದ ವರ್ಷದ ಒಟ್ಟು ಮೊತ್ತದ ಮೋಹ. 2017ರಲ್ಲಿ ಪರ್ದೀಪ್ ನರ್ವಾಲ್ 369 ರೈಡ್ ಪಾಯಿಂಟ್ ಗಳಿಸಿದ. ಮರುವರ್ಷ 233. ಕಡಿಮೆಯೇನಲ್ಲ, ಆದರೆ 369ರ ಬೆಲೆ ಕೊಟ್ಟು ಕೊಂಡವನಿಗೆ ಅದು ನಷ್ಟವೇ. ಬುಲ್ಸ್‌ನ ಭರತ್ ಹೂಡಾ 9ನೇ ಸೀಸನ್‌ನಲ್ಲಿ 279 ಗಳಿಸಿದ. ನಾನು ಮರುವರ್ಷ ಹೆಮ್ಮೆಯಿಂದ ಅವನನ್ನು ಕೊಂಡೆ, ಅವನು ಅದರ ಹತ್ತಿರಕ್ಕೂ ಬರಲಿಲ್ಲ. ಅದ್ಭುತವಾದ ವರ್ಷವೊಂದರಲ್ಲಿ ಮೈ, ಮನಸ್ಸು, ಜೊತೆಗಾರರು, ಎದುರಾಳಿಗಳು ಎಲ್ಲವೂ ಕೂಡಿಬಂದಿರುತ್ತವೆ. ಅಷ್ಟೂ ಮತ್ತೆ ಕೂಡಿಬರುವುದು ಅಪರೂಪ. ನನ್ನ ಲೆಕ್ಕದಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚು ನಂಬಬಹುದಾದ್ದು ರೈಡ್‌ಗಳ ಸಂಖ್ಯೆ. ಪ್ರತಿ ರೈಡ್‌ನ ಯಶಸ್ಸಿನ ಪ್ರಮಾಣ ಅಷ್ಟು ನಂಬಿಕೆಯದಲ್ಲ. ಎಷ್ಟು ರೈಡ್ ಎಂಬುದನ್ನು ಕೋಚ್ ತೀರ್ಮಾನಿಸುತ್ತಾನೆ, ಎಷ್ಟು ಯಶಸ್ಸು ಎಂಬುದನ್ನು ಆಯಾ ದಿನ ತೀರ್ಮಾನಿಸುತ್ತದೆ. ನಮ್ಮ ಗುಂಪಿನ ಹರಿಯಾಣದವನು ಇದನ್ನು ಒಪ್ಪುವುದಿಲ್ಲ. “ಕಡಿಮೆ ರೈಡ್‌ನಲ್ಲಿ ಹೆಚ್ಚು ತರುವವನೇ ನಿಜವಾದ ರೈಡರ್” ಎಂದು ವಾದಿಸುತ್ತಾನೆ. ಎರಡು ಸಲ ಗೆದ್ದವನೂ ಅವನೇ, ಅದು ಬೇರೆ ಮಾತು.

ಕೋಚ್ ಎಂದಾಗ ನಾವು ಹೊರನಾಡಿನವರು ನೆನೆಯಲೇಬೇಕಾದ ಒಬ್ಬ ಕನ್ನಡಿಗರಿದ್ದಾರೆ. ಬಿ.ಸಿ. ರಮೇಶ್. ಭಾರತ ತಂಡಕ್ಕೆ ಆಡಿದವರು, ಅರ್ಜುನ ಪ್ರಶಸ್ತಿ ಪಡೆದವರು. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆಲ್ಲಿಸಿದರು. ಆಮೇಲೆ ನಮ್ಮ ಪುಣೆಗೆ ಬಂದು ಪುಣೇರಿ ಪಲ್ಟನ್ ತಂಡವನ್ನು ಕಟ್ಟಿದರು. 2022ರ ಡಿಸೆಂಬರ್‌ನಲ್ಲಿ ಪಲ್ಟನ್ ಫೈನಲ್ ತಲುಪಿ ಜೈಪುರಕ್ಕೆ ಸೋತಿತು. 2024ರ ಮಾರ್ಚ್ 1ರಂದು ಹೈದರಾಬಾದ್‌ನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಸೋಲಿಸಿ ಮೊದಲ ಸಲ ಚಾಂಪಿಯನ್ ಆಯಿತು. ಆ ಸೀಸನ್‌ನಲ್ಲಿ ಹರಾಜಿನಲ್ಲಿ ಪಲ್ಟನ್ ದೊಡ್ಡ ಮೊತ್ತ ಸುರಿದದ್ದು ರೈಡರ್‌ಗಲ್ಲ. ಇರಾನ್‌ನ ಆಲ್‌ರೌಂಡರ್ ಮೊಹಮ್ಮದ್‌ರೆಜಾ ಶಾದ್ಲೂಯಿಗೆ, 2.35 ಕೋಟಿ. ಅವನು 99 ಟ್ಯಾಕಲ್ ಪಾಯಿಂಟ್ ಗಳಿಸಿ ಲೀಗ್‌ನ ಅತ್ಯುತ್ತಮ ಡಿಫೆಂಡರ್ ಎನಿಸಿದ. ರೈಡ್‌ಗಳನ್ನು ನಾಯಕ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಆಕಾಶ್ ಶಿಂದೆ ಹಂಚಿಕೊಂಡರು. ಹಂಚಿ ಉಣ್ಣುವ ಮನೆ. ಲೀಗ್ ಹಂತದಲ್ಲಿ 22ರಲ್ಲಿ 17 ಗೆಲುವು. ರೈಡರ್‌ಗಳ ಪಟ್ಟಿಯ ಮೇಲ್ತುದಿಯಲ್ಲಿ ಪಲ್ಟನ್‌ನವರು ಒಬ್ಬರೂ ಇಲ್ಲ.

ಇದರಿಂದ ನಮ್ಮ ಡ್ರಾಫ್ಟ್‌ನಲ್ಲಿ ಆದದ್ದೇನು? ನಾಲ್ವರು ಮರಾಠಿ ಗೆಳೆಯರು ಅಭಿಮಾನದಿಂದ ಪಲ್ಟನ್‌ನ ರೈಡರ್‌ಗಳನ್ನು ಪೈಪೋಟಿ ಮೇಲೆ ಕೊಂಡರು. ಅವರ ತಂಡ ಕಪ್ ಗೆದ್ದಿತು, ಅವರು ನಮ್ಮ ಪಟ್ಟಿಯಲ್ಲಿ ತಳ ಕಂಡರು. ಅವರನ್ನು ನೋಡಿ ನಗುವ ಯೋಗ್ಯತೆ ನನಗಿರಲಿಲ್ಲ. ನಾನೂ ಪ್ರತಿ ವರ್ಷ ಬುಲ್ಸ್‌ನವರನ್ನೇ ಕೊಂಡವನು. 11ನೇ ಸೀಸನ್‌ನಲ್ಲಿ ಪರ್ದೀಪ್ ಬುಲ್ಸ್‌ಗೆ ಮರಳಿದಾಗ, ವಯಸ್ಸಾಯಿತು, ಹಿಂದಿನ ವರ್ಷಗಳ ಪಾಯಿಂಟ್ ಇಳಿಮುಖವಾಗಿದೆ ಎಂಬುದೆಲ್ಲ ನನ್ನದೇ ಶೀಟ್‌ನಲ್ಲಿ ಕಣ್ಣಿಗೆ ರಾಚುವಂತೆ ಇದ್ದರೂ ಕೊಂಡೆ. ಬುಲ್ಸ್ ಆ ವರ್ಷ ಎರಡೇ ಪಂದ್ಯ ಗೆದ್ದು ಕೊನೆಗೆ ನಿಂತಿತು. 2025ರ ಹರಾಜಿನಲ್ಲಿ ಲೀಗ್ ಇತಿಹಾಸದ ಅತಿ ದೊಡ್ಡ ಹೆಸರುಗಳಲ್ಲೊಂದಾದ ಪರ್ದೀಪ್‌ನನ್ನು ಯಾರೂ ಕೊಳ್ಳಲಿಲ್ಲ; ಅವನು ನಿವೃತ್ತಿ ಘೋಷಿಸಿದ. ಊರು ಬಿಟ್ಟವರಿಗೆ ಊರಿನ ಹೆಸರು ಹೊತ್ತ ಜೆರ್ಸಿ ಕಂಡರೆ ಕೈ ತಾನಾಗಿ ಎದ್ದುಬಿಡುತ್ತದೆ. ಬೆಂಗಳೂರಿನಲ್ಲೇ ಇರುವ ನನ್ನ ತಮ್ಮನಿಗೆ ಬುಲ್ಸ್ ಎಂದರೆ ಅಷ್ಟಕ್ಕಷ್ಟೆ. ಪುಣೆಯಲ್ಲಿರುವ ನನಗೆ ಅದು ಮನೆಮಾತಿನ ಹಾಗೆ. ಆ ತಂಡದಲ್ಲಿ ಕನ್ನಡದ ಹುಡುಗರು ಎಷ್ಟು ಜನ ಇದ್ದಾರೆ ಎಂದು ಮರಾಠಿ ಗೆಳೆಯ ಕೇಳಿದಾಗ ಮಾತ್ರ ವಿಷಯ ಬದಲಿಸುತ್ತೇನೆ.

12ನೇ ಸೀಸನ್‌ಗೆ ರಮೇಶ್ ಬುಲ್ಸ್‌ನ ಕೋಚ್ ಆದರು. “ನಿಮ್ಮ ಮನುಷ್ಯನನ್ನು ನೀವು ವಾಪಸ್ ಕರೆಸಿಕೊಂಡಿರಿ” ಎಂದು ಗೆಳೆಯರು ರೇಗಿಸಿದರು. ನಾನು ಬುದ್ಧಿವಂತನಂತೆ ಲೆಕ್ಕ ಹಾಕಿದೆ: ರಮೇಶ್ ಬಂದರೆಂದರೆ ರೈಡ್ ಹಂಚಿಕೆ, ಹಾಗಾಗಿ ಈ ಸಲ ಬುಲ್ಸ್‌ನ ಯಾರನ್ನೂ ದುಬಾರಿಗೆ ಕೊಳ್ಳಬಾರದು. ಆದದ್ದೇನು? ಇರಾನ್‌ನ ಅಲಿರೆಜಾ ಮಿರ್ಜಾಯಿಯಾನ್ ಬುಲ್ಸ್‌ನ ರೈಡಿಂಗ್ ಭಾರವನ್ನು ಹೆಗಲ ಮೇಲೆ ಹೊತ್ತು ತಂಡವನ್ನು ಪ್ಲೇಆಫ್‌ಗೆ ಒಯ್ದ. ಮದುರೆಯವನು ಅವನನ್ನು ಮೂರು ಟೋಕನ್‌ಗೆ ಎತ್ತಿಕೊಂಡಿದ್ದ. ಕೋಚ್‌ನ ಹಳೆಯ ಅಭ್ಯಾಸ ನೋಡಿದರೆ ಸಾಲದು, ಅವನ ಕೈಯಲ್ಲಿ ಈಗ ಯಾರಿದ್ದಾರೆ ಎಂಬುದನ್ನೂ ನೋಡಬೇಕಿತ್ತು.

ಈ ಆಟದ ಮೂಲ ಅಮೆರಿಕದ್ದು. 1962ರಲ್ಲಿ ಓಕ್ಲೆಂಡ್ ರೈಡರ್ಸ್ ಎಂಬ ಫುಟ್‌ಬಾಲ್ ತಂಡದ ಪಾಲುದಾರ ಬಿಲ್ ವಿಂಕನ್‌ಬಾಕ್ ಮತ್ತು ಅವರ ಗೆಳೆಯರು ಇದರ ನಿಯಮ ಬರೆದರು, ಮರುವರ್ಷ ಮೊದಲ ಡ್ರಾಫ್ಟ್ ನಡೆಸಿದರು. ತಂಡದ ಹೆಸರು ರೈಡರ್ಸ್ ಆಗಿರುವುದು ಕಾಕತಾಳೀಯ, ಆದರೆ ನಮ್ಮ ರೈಡರ್‌ಗೆ ಅಲ್ಲೊಬ್ಬ ಅಣ್ಣನಿದ್ದಾನೆ: ರನ್ನಿಂಗ್ ಬ್ಯಾಕ್. ಚೆಂಡು ಅಪ್ಪಿಕೊಂಡು ಎದುರಾಳಿಗಳ ಗೋಡೆಯೊಳಗೆ ನುಗ್ಗುವವನು. ನಮ್ಮ ಕಂಪನಿಯ ಅಮೆರಿಕದ ಸಹೋದ್ಯೋಗಿಯೊಬ್ಬರು ಅವನನ್ನು ಹೇಗೆ ಅಳೆಯುತ್ತೇವೆಂದು ವಿಡಿಯೊ ಕಾಲ್‌ನಲ್ಲಿ ವಿವರಿಸುವಾಗ ನನಗೆ ಮಾಮಾನ ದನಿಯೇ ಕೇಳಿಸಿತು. ಎಷ್ಟು ಸಲ ಚೆಂಡು ಕೊಡುತ್ತಾರೆ, ಅವನಿಗೆ ದಾರಿ ಬಿಡಿಸುವವರು ಎಂಥವರು, ಕೆಲಸವನ್ನು ಇನ್ನೊಬ್ಬನ ಜೊತೆ ಹಂಚಿಕೊಳ್ಳುತ್ತಾನೋ, ಮೊಣಕಾಲು ಹೇಗಿದೆ. ಅಲ್ಲೂ ಅಷ್ಟೆ, ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುವವರಲ್ಲಿ ಅವನೊಬ್ಬ, ಎಲ್ಲರಿಗಿಂತ ಬೇಗ ಮುದುಕನಾಗುವವನೂ ಅವನೇ.

ಇಷ್ಟೆಲ್ಲ ಇದ್ದ ಮೇಲೆ ಇದು ಕೌಶಲದ ಆಟವಲ್ಲವೇ? ಹೌದು. ಆದರೆ ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಈ ಬರಹಕ್ಕೆ ಕಾರಣವೂ ಅದೇ.

2024ರ ಡಿಸೆಂಬರ್‌ನಲ್ಲಿ 11ನೇ ಸೀಸನ್‌ನ ಕೊನೆಯ ಹಂತ ಪುಣೆಯ ಬಾಲೇವಾಡಿಗೆ ಬಂತು. ವಾಕಡ್‌ನಿಂದ ಸ್ವಲ್ಪವೇ ದೂರ. ನಾವು ಹಲವು ಸಂಜೆ ಹೋಗಿ ನೋಡಿದೆವು. ನಮ್ಮ ಕಾರ್ಖಾನೆಗೆ ಆ ವರ್ಷ ಸೇರಿದ್ದ ದಾವಣಗೆರೆ ಕಡೆಯ ಒಬ್ಬ ಹುಡುಗ ನಮ್ಮ ಜೊತೆ ಬರತೊಡಗಿದ. ನಮ್ಮ ಡ್ರಾಫ್ಟ್‌ನಲ್ಲಿ ಅವನಿರಲಿಲ್ಲ. ಆದರೆ ನನ್ನ ಶೀಟ್ ಅವನಿಗೆ ಬಲು ಇಷ್ಟ. “ಸರ್, ಇವತ್ತು ಯಾರನ್ನ ಕ್ಯಾಪ್ಟನ್ ಮಾಡ್ಲಿ?” ಎಂದು ದಿನಾ ಸಂಜೆ ಮೆಸೇಜ್ ಮಾಡುತ್ತಿದ್ದ. ನಾನು ಟೀ ಕುಡಿಯುತ್ತ ಶೀಟ್ ತೆರೆದು, ರೈಡ್ ಸಂಖ್ಯೆ, ಎದುರಾಳಿಯ ಕಾರ್ನರ್ ಡಿಫೆನ್ಸ್, ಎಲ್ಲ ನೋಡಿ ಉತ್ತರ ಕೊಡುತ್ತಿದ್ದೆ. ಯಾರಾದರೂ ನಮ್ಮ ಲೆಕ್ಕಾಚಾರವನ್ನು ಗಂಭೀರವಾಗಿ ತೆಗೆದುಕೊಂಡರೆ ಯಾರಿಗೆ ಖುಷಿಯಾಗುವುದಿಲ್ಲ? ಅದೂ ನಮ್ಮ ಭಾಷೆಯ ಹುಡುಗ, ‘ಸರ್’ ಎನ್ನುವವನು.

ಅವನು ಒಂದು ಆ್ಯಪ್‌ನಲ್ಲಿ ಪ್ರತಿ ಪಂದ್ಯಕ್ಕೆ ದುಡ್ಡು ಕಟ್ಟುತ್ತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಐವತ್ತೋ ನೂರೋ ಎಂದುಕೊಂಡಿದ್ದೆ. ಜನವರಿಯ ಮೊದಲ ವಾರ ಕ್ಯಾಂಟೀನ್‌ನಲ್ಲಿ ಎದುರು ಕುಳಿತು, ತಟ್ಟೆ ನೋಡುತ್ತ, ಹದಿನೆಂಟು ಸಾವಿರ ಸಾಲ ಕೇಳಿದ. ಎರಡು ತಿಂಗಳ ಬಾಡಿಗೆ ಬಾಕಿ, ಊರಿಗೆ ದುಡ್ಡು ಕಳಿಸಿಲ್ಲ, ಅಪ್ಪನಿಗೆ ಸಂಬಳ ತಡವಾಗಿದೆ ಎಂದು ಹೇಳಿದ್ದಾನೆ. ಎಷ್ಟು ಕಳೆದೆ ಎಂದು ಕೇಳಿದೆ. ಹೇಳಲಿಲ್ಲ. “ನಿಮ್ಮ ಶೀಟ್ ಸರಿಯಾಗೇ ಇದೆ ಸರ್, ನನ್ನ ಲಕ್ ಸರಿಯಿಲ್ಲ” ಎಂದ. ಆ ಮಾತಿಗಿಂತ ಅವನು ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು.

ಶೀಟ್ ಸರಿಯಾಗಿತ್ತು, ನಿಜ. ಆದರೆ ಅದು ಒಂದು ಸೀಸನ್‌ಗೆ ಮಾಡಿದ ಶೀಟ್. ಇಪ್ಪತ್ತೆರಡು ಪಂದ್ಯ ಎಂದರೆ ಒಬ್ಬ ಮುಖ್ಯ ರೈಡರ್‌ಗೆ ಮುನ್ನೂರು, ನಾನ್ನೂರು ರೈಡ್. ಅಷ್ಟರಲ್ಲಿ ಒಳ್ಳೆಯ ದಿನ, ಕೆಟ್ಟ ದಿನ ಸರಿತೂಗಿ ಅವನ ನಿಜವಾದ ಮಟ್ಟ ಕಾಣುತ್ತದೆ. ಒಂದು ಪಂದ್ಯದಲ್ಲಿ ಇರುವುದು ಹದಿನೈದೋ ಇಪ್ಪತ್ತೋ ರೈಡ್. ಮೊದಲ ಡು ಆರ್ ಡೈ ರೈಡ್‌ನಲ್ಲಿ ಒಬ್ಬ ಹಿಮ್ಮಡಿ ಹಿಡಿದ, ಡಿಫೆಂಡರ್‌ಗಳು ಎಬ್ಬಿಸಲಿಲ್ಲ, ಆರು ನಿಮಿಷ ಬೆಂಚ್. ಅಲ್ಲಿಗೆ ಆ ರಾತ್ರಿಯ ಲೆಕ್ಕವೆಲ್ಲ ಉಲ್ಟಾ. 2019ರಲ್ಲಿ ಪವನ್ ಒಂದೇ ಪಂದ್ಯದಲ್ಲಿ 39 ರೈಡ್ ಪಾಯಿಂಟ್ ತಂದ. ಅವನು ದೊಡ್ಡ ರೈಡರ್ ಎಂದು ಮೊದಲೇ ಹೇಳಬಲ್ಲವರು ಸಾವಿರ ಜನ ಇದ್ದರು. ಅದು ಅದೇ ರಾತ್ರಿ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಆ್ಯಪ್‌ಗಳು ಮಾರಿದ್ದು ಈ ಎರಡನೆಯದನ್ನು, ಮೊದಲನೆಯದರ ಹೆಸರಿನಲ್ಲಿ.

ಕೋರ್ಟ್‌ಗಳಲ್ಲಿ ವರ್ಷಗಟ್ಟಲೆ ನಡೆದ ‘ಕೌಶಲವೋ ಅದೃಷ್ಟವೋ’ ಎಂಬ ಚರ್ಚೆಯಲ್ಲಿ ‘ಎಷ್ಟು ದಿನದ ಆಟ’ ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ ಎಂಬುದು ನನ್ನ ದೂರು. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ಡಿಸೆಂಬರ್‌ನಲ್ಲಿ ಕೋವಿಡ್ ಕಾರಣದಿಂದ 8ನೇ ಸೀಸನ್ ಪೂರ್ತಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಹೋಟೆಲೊಂದರಲ್ಲೇ ನಡೆಯಿತು. ಆಟ ಬೆಂಗಳೂರಿನಲ್ಲಿ, ಅದರ ಮೇಲೆ ದುಡ್ಡು ಕಟ್ಟುವ ಅವಕಾಶ ಪುಣೆಯಲ್ಲಿರುವ ನಮಗೆ! 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಎರಡು ದಿನಗಳಲ್ಲಿ ಅಂಗೀಕರಿಸಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ದುಡ್ಡು ಕಟ್ಟಿ ಆಡುವುದೇ ಬೇಡ ಎಂದಿತು ಅದು. ಒಂದೇ ವಾರಕ್ಕೆ, ಆಗಸ್ಟ್ 29ರಂದು, ವಿಶಾಖಪಟ್ಟಣದಲ್ಲಿ 12ನೇ ಸೀಸನ್ ಆರಂಭವಾಯಿತು.

ಕಾಯ್ದೆ ಬೀಸಿದ ಬಲೆ ಅತಿ ಅಗಲವಾಯಿತು ಎನ್ನುವವರಿದ್ದಾರೆ. ಆ ಉದ್ಯಮದಲ್ಲಿ ದುಡಿಯುತ್ತಿದ್ದು ಕೆಲಸ ಕಳೆದುಕೊಂಡ ಪರಿಚಯದವರು ನನಗೂ ಇದ್ದಾರೆ, ಅವರ ಸಿಟ್ಟು ಸುಳ್ಳಲ್ಲ. ಇಡೀ ಸೀಸನ್‌ನ ಆಟಕ್ಕೆ ಸಣ್ಣ ಮೊತ್ತದ ಮಿತಿ ಹಾಕಿ, ರಾತ್ರಿ ರಾತ್ರಿಯ ಆಟವನ್ನಷ್ಟೇ ನಿಲ್ಲಿಸಬಹುದಿತ್ತು ಎಂದು ನನಗೂ ಅನಿಸುತ್ತದೆ. ಆದರೆ ಆ ಕ್ಯಾಂಟೀನ್ ಮೇಜು ನೆನಪಾದರೆ, ಆ ವಾದವನ್ನು ನಾನು ತುಂಬಾ ಜೋರಾಗಿ ಮಾಡುವುದಿಲ್ಲ. ಹುಡುಗನಿಗೆ ದುಡ್ಡು ಕೊಟ್ಟೆ, ಅವನು ಕಂತಿನಲ್ಲಿ ತೀರಿಸುತ್ತಿದ್ದಾನೆ. ಕಳೆದ ವರ್ಷ ನಮ್ಮ ಡ್ರಾಫ್ಟ್‌ಗೆ ಒಂಬತ್ತನೆಯವನಾಗಿ ಅವನನ್ನು ಸೇರಿಸಿಕೊಂಡೆವು. ಸೇರುವ ಮೊದಲು ಎರಡು ಸಲ ಕೇಳಿದ: “ಸರ್, ದುಡ್ಡಿಲ್ಲ ತಾನೇ?” ಅವನು ಕೊಂಡ ಮೊದಲ ಆಟಗಾರ ರೈಡರ್ ಅಲ್ಲ, ಡಿಫೆಂಡರ್. ಸೀಸನ್ ಮುಗಿದಾಗ ನನಗಿಂತ ಎರಡು ಸ್ಥಾನ ಮೇಲಿದ್ದ.

ಇನ್ನು ಮೊಣಕಾಲಿನ ವಿಷಯ. ಪುಣೆಯವರಿಗೆ ಇದು ಚೆನ್ನಾಗಿ ಗೊತ್ತು. ಕಪ್ ಎತ್ತಿದ ಅಸ್ಲಂ ಇನಾಮದಾರ್ ಮುಂದಿನ ಸೀಸನ್‌ನ ನಡುವೆಯೇ ಮೊಣಕಾಲಿನ ಗಾಯದಿಂದ ಹೊರಬಿದ್ದ. ಹಾಲಿ ಚಾಂಪಿಯನ್ ಪಲ್ಟನ್ ಪ್ಲೇಆಫ್ ಕೂಡ ತಲುಪಲಿಲ್ಲ. ಫೈನಲ್ ನಡೆದದ್ದು ನಮ್ಮದೇ ಬಾಲೇವಾಡಿಯಲ್ಲಿ, ಆಡಿದವರು ಹರಿಯಾಣ ಮತ್ತು ಪಟ್ನಾದವರು. 2025ರ ಡ್ರಾಫ್ಟ್ ದಿನ ಅಸ್ಲಂ ಹೆಸರು ಬಂದಾಗ, “ರಿಪೇರಿ ಆದ ಗಾಡಿ, ಎಂಟಕ್ಕಿಂತ ಹೆಚ್ಚು ಬೇಡ” ಎಂದ ಒಬ್ಬ. ಎಲ್ಲರೂ ನಕ್ಕರು. ಲೆಕ್ಕದ ದೃಷ್ಟಿಯಿಂದ ಅವನ ಮಾತು ಸರಿಯಾಗೇ ಇತ್ತು, ನಾನೂ ಅದನ್ನೇ ಶೀಟ್‌ನಲ್ಲಿ ಬರೆದುಕೊಂಡಿದ್ದೆ. ಗಾಯವಾದ ಮೊಣಕಾಲಿಗೆ ಬೆಲೆ ಇಳಿಸದೆ ಡ್ರಾಫ್ಟ್ ಮಾಡಲಾಗುವುದಿಲ್ಲ. ಅಸ್ಲಂ ನಾಯಕನಾಗಿ ಮರಳಿದ, ಪಲ್ಟನ್ ಫೈನಲ್ ತಲುಪಿ ಅಕ್ಟೋಬರ್ 31ರಂದು ದೆಹಲಿ ಎದುರು 31-28ರಿಂದ ಸೋತಿತು.

ಮಾಮಾನ ಮೊಣಕಾಲು ಹೋದದ್ದು ಇಂಥದೇ ಒಂದು ರಾತ್ರಿ, ಬೆಳಗಿನ ನಾಲ್ಕರ ಸುಮಾರಿಗೆ, ಗಟ್ಟಿ ನೆಲದ ಅಂಗಳದಲ್ಲಿ. ಆಗ ಎಂಆರ್‌ಐ ಇಲ್ಲ, ಫಿಸಿಯೊ ಇಲ್ಲ, ನಾಟಿ ವೈದ್ಯರ ಪಟ್ಟಿ ಅಷ್ಟೆ. ಅವರ ತಂಡ ಗೆದ್ದಿತ್ತು, ಬಹುಮಾನವಾಗಿ ಸಿಕ್ಕ ಗಡಿಯಾರ ಅಂಗಡಿಯ ಗೋಡೆ ಮೇಲೆ ಈಗಲೂ ಇದೆ, ನಡೆಯುವುದಿಲ್ಲ. ಮೂಟೆ ಎತ್ತುವಾಗ ಅವರು ಎಡಗಾಲನ್ನು ಸ್ವಲ್ಪ ಹೊರಗೆ ಇಟ್ಟು ಬಗ್ಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅದು ಅವರ ನಡಿಗೆಯ ಶೈಲಿ ಎಂದೇ ಬಹಳ ಕಾಲ ತಿಳಿದಿದ್ದೆ.

ಮೊನ್ನೆ ಹೊಸ ಶೀಟ್ ಸಿದ್ಧಪಡಿಸುತ್ತಿದ್ದೆ. ಹೌದು, ಈ ಸಲವೂ ನಾನೇ. ‘ಬೆಂಚ್ ಮೇಲಿನ ನಿಮಿಷ’ ಎಂಬ ಕಾಲಂ ಸೇರಿಸಿದ್ದೇನೆ. ಹಳೆಯ ಪಂದ್ಯಗಳ ವಿಡಿಯೊ ಓಡಿಸಿ, ಸ್ಟಾಪ್‌ವಾಚ್ ಹಿಡಿದು ಲೆಕ್ಕ ಹಾಕಬೇಕು. ಹೆಂಡತಿಗೆ ಇದು ಹುಚ್ಚು ಎನಿಸಿದೆ. ನಡುವೆ ಮಾಮಾ ಫೋನ್ ಮಾಡಿದರು. ಮಳೆ, ಕಬ್ಬು, ಅಕ್ಕನ ಮಗಳ ಮದುವೆ ಎಲ್ಲ ಆದ ಮೇಲೆ ಕೇಳಿದರು:

“ಅಂದಂಗ ಆ ನಿಮ್ಮ ಪುಣೆ ಹುಡುಗನ ಮೊಣಕಾಲ ಹ್ಯಾಂಗೈತಿ ಈಗ?”

ನಾನು ಶೀಟ್ ನೋಡಿ ಅವನ ಪಾಯಿಂಟ್ ಹೇಳಲು ಹೊರಟೆ.

“ಪಾಯಿಂಟ್ ಕೇಳಲಿಲ್ಲಪಾ” ಎಂದರು ಮಾಮಾ. “ಮೊಣಕಾಲ ಕೇಳಿದೆ.”